ತೆಗೆದ ಚಿತ್ರ, ಕೊಡದ ಪ್ರತಿ

ನವೆಂಬರ್ ತಿಂಗಳು ಬಂದಿತೆಂದರೆ ನಮ್ಮ ಕಥೋಲಿಕ ಮನೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ತೂಗುಹಾಕಿದ ಹಿರಿಯರ ಭಾವಚಿತ್ರಗಳನ್ನು ಇಳಿಸಿ, ಧೂಳು ಒರೆಸಿ, ಮತ್ತೆ ಮೊಳೆಗೆ ಸೇರಿಸುತ್ತಾರೆ. ತಿಂಗಳ ಎರಡನೆಯ ದಿನ ಮೃತರ ಸ್ಮರಣೆ. ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂವಿನ ಮಾಲೆ ಏರಿಸಿ, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವಾಗ ಶಿಲುಬೆಯ ಬುಡದಲ್ಲಿ ಒಂದು ಪುಟ್ಟ ಭಾವಚಿತ್ರವನ್ನು ಇಡುವ ರೂಢಿಯೂ ಕೆಲವೆಡೆ ಉಂಟು. ಆ ದಿನ ಇಡಲು ಚಿತ್ರವೇ ಇಲ್ಲದ ಮನೆಗಳೂ ನಮ್ಮ ಸೀಮೆಯಲ್ಲಿ ಇದ್ದವು. ಅಂಥ ಮನೆಯೊಂದರ ಬಾಗಿಲಲ್ಲಿ ನಾವು ಒಮ್ಮೆ ತಲೆ ತಗ್ಗಿಸಿ ನಿಂತಿದ್ದೆವು. ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಾದಿಬೀದಿ ಅಲೆದ ನಮ್ಮ ಅನುಭವಗಳನ್ನು ಓದುಗರೊಡನೆ ಹಂಚಿಕೊಳ್ಳಲು ಆ ಘಟನೆಯೇ ಕಾರಣ.

ಹವ್ಯಾಸಿಗಳ ಹಿರಿಯ ಪರಂಪರೆ

ಹವ್ಯಾಸಿ ಎಂದರೆ ಹೊತ್ತು ಕಳೆಯಲು ಚಿತ್ರ ತೆಗೆಯುವವನು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ನಮ್ಮ ಧಾರವಾಡ ಸೀಮೆಯ ಮಟ್ಟಿಗೆ ಛಾಯಾಗ್ರಹಣವನ್ನು ತಂದವರೇ ಬೇರೆ ವೃತ್ತಿಯಲ್ಲಿದ್ದವರು. 1855ರ ಸುಮಾರಿಗೆ ಈ ಭಾಗದ ಗುಡಿ-ಗೋಪುರಗಳನ್ನು ಚಿತ್ರಿಸತೊಡಗಿದ ಬಿಗ್ಸ್ ಎಂಬವರು ಫಿರಂಗಿದಳದ ಸೇನಾಧಿಕಾರಿ. ಅವರ ಕೆಲಸವನ್ನು ಮುಂದುವರಿಸಿದ ಪಿಗೌ ಮತ್ತು ನೀಲ್ ಇಬ್ಬರೂ ವೈದ್ಯರು. ಈ ಮೂವರ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗ್ಯುಸನ್ ಅವರ ಬರೆಹದೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪ ತಾಳಿದವು. ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಆ ಗ್ರಂಥ ಇಂದಿಗೂ ಸಂಶೋಧಕರಿಗೆ ಆಧಾರವಾಗಿದೆ. ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ, ಗುಡಾರ, ರಾಸಾಯನಿಕದ ಬಾಟಲಿಗಳನ್ನು ಹೇರಿಕೊಂಡು ಕಪ್ಪು ಎರೆಯ ಹಾದಿಯಲ್ಲಿ ಸಾಗಿದ ಆ ಪುರುಷರ ಶ್ರಮವನ್ನು ನೆನೆದರೆ, ಮಳೆಗಾಲದಲ್ಲಿ ನವಲಗುಂದದ ಎರೆ ಮಣ್ಣಿನಲ್ಲಿ ಸೈಕಲ್ಲಿನ ಗಾಲಿ ಹೂತು ನಿಂತಾಗ ನಾವು ಗೊಣಗಿದ್ದು ನಾಚಿಕೆಯ ಮಾತೆನಿಸುತ್ತದೆ.

ಕಥೋಲಿಕರಾದ ನಮಗೆ ಇನ್ನೊಬ್ಬ ಹವ್ಯಾಸಿಯ ನೆನಪು ಆಪ್ತವಾದದ್ದು. ಇಟಲಿಯ ಸೆಕೊಂದೊ ಪಿಯಾ ವೃತ್ತಿಯಿಂದ ವಕೀಲರು. 1898ರ ಮೇ ತಿಂಗಳಲ್ಲಿ ತುರಿನ್ ಪಟ್ಟಣದ ಪ್ರಧಾನಾಲಯದಲ್ಲಿ ಪವಿತ್ರ ಶವವಸ್ತ್ರದ ಪ್ರದರ್ಶನ ನಡೆದಾಗ ಅದರ ಚಿತ್ರ ತೆಗೆಯುವ ಅವಕಾಶ ಅವರಿಗೆ ಒದಗಿತು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಮೇ 28ರ ರಾತ್ರಿ ಎರಡನೆಯ ಬಾರಿ ತೆಗೆದ ಗಾಜಿನ ಫಲಕವನ್ನು ಕತ್ತಲೆಕೋಣೆಯಲ್ಲಿ ತೊಳೆಯುತ್ತಿದ್ದಂತೆ, ಬಟ್ಟೆಯ ಮೇಲೆ ಬರಿಗಣ್ಣಿಗೆ ಮಸುಕಾಗಿದ್ದ ಕಲೆಗಳು ನೆಗೆಟಿವ್‌ನಲ್ಲಿ ಸ್ಪಷ್ಟ ಮುಖವಾಗಿ ಮೂಡಿದವು. ಫಲಕ ಕೈಜಾರುವಷ್ಟು ಅವರು ನಡುಗಿದರೆಂದು ಹೇಳುತ್ತಾರೆ. ಆ ವಸ್ತ್ರದ ಪ್ರಾಚೀನತೆಯ ಬಗೆಗೆ ವಿದ್ವಾಂಸರಲ್ಲಿ ವಾದವಿದೆ. 1988ರ ಇಂಗಾಲ ಪರೀಕ್ಷೆ ಅದನ್ನು 13-14ನೆಯ ಶತಮಾನದ್ದೆಂದು ಸೂಚಿಸಿತು. ಧರ್ಮಸಭೆಯೂ ಅದು ಪ್ರಭುವಿನದೇ ವಸ್ತ್ರವೆಂದು ಘೋಷಿಸಿಲ್ಲ. ಭಕ್ತಿಯಿಂದ ಧ್ಯಾನಿಸಲು ಮಾತ್ರ ಅನುವು ಮಾಡಿಕೊಟ್ಟಿದೆ. ಆ ವಾದ ಹೇಗೇ ಇರಲಿ, ಕತ್ತಲೆಕೋಣೆಯ ಕೆಂಪು ದೀಪದಡಿಯಲ್ಲಿ ತಟ್ಟೆಯೊಳಗಿನ ಬಿಳಿ ಹಾಳೆಯ ಮೇಲೆ ಮೊದಲು ಹುಬ್ಬು, ಬಳಿಕ ಕಣ್ಣು, ಕೊನೆಗೆ ತುಟಿ ಮೂಡಿ ಬರುವುದನ್ನು ಕಂಡ ಯಾರಿಗೇ ಆಗಲಿ ಪಿಯಾ ಅವರ ನಡುಕ ಅರ್ಥವಾಗದೆ ಇರದು.

ಹೊಸ್ತಿಲ ಬೆಳಕು

ನಮ್ಮ ಮೊದಲ ಕ್ಯಾಮೆರಾ ಬಂಧುಗಳೊಬ್ಬರು ಬಳಸಿ ಬಿಟ್ಟ ಆಗ್ಫಾ ಕ್ಲಿಕ್-3. ಒಂದು ಸುರುಳಿಗೆ 12 ಚಿತ್ರ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಬಿಟ್ಟರೆ ತಿರುಗಿಸಲು ಬೇರೇನೂ ಇರಲಿಲ್ಲ. ಬಳಿಕ 36 ಚಿತ್ರಗಳ ಸುರುಳಿ ಹಿಡಿಯುವ ಹಳೆಯ ಕ್ಯಾಮೆರಾ ಕೈಸೇರಿತು. ಪೂರ್ವ ಜರ್ಮನಿಯ ಓರ್ವೋ, ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು, ಇವೇ ನಮ್ಮ ಕಿಸೆಗೆ ಎಟಕುವ ಫಿಲ್ಮುಗಳಾಗಿದ್ದವು. ಒಂದೊಂದು ಗುಂಡಿ ಒತ್ತುವಾಗಲೂ ಕಾಸಿನ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು. ಈ ಲೆಕ್ಕವೇ ಮುಂದೆ ನಮ್ಮನ್ನು ತಪ್ಪಿಗೆ ನೂಕಿತೆಂಬುದನ್ನು ಹೇಳಲಿದ್ದೇವೆ.

ಭಾವಚಿತ್ರ ತೆಗೆಯುವ ಆಸೆ ಹವ್ಯಾಸಿಗೆ ಮೊದಲು ಹುಟ್ಟುತ್ತದೆ. ಮೊದಲು ಸೋಲುವುದೂ ಅಲ್ಲಿಯೇ. ಬಯಲುಸೀಮೆಯ ಬಿಸಿಲು ಕರುಣೆಯಿಲ್ಲದ್ದು. ನೆತ್ತಿಯ ಮೇಲೆ ಸೂರ್ಯನಿದ್ದಾಗ ರುಮಾಲು ಸುತ್ತಿದ ರೈತನ ಚಿತ್ರ ತೆಗೆದರೆ ರುಮಾಲು ಬೆಳ್ಳಗೆ ಹೊಳೆಯುತ್ತದೆ, ಕಣ್ಣುಗಳಿರಬೇಕಾದೆಡೆ ಎರಡು ಕಪ್ಪು ಗುಣಿಗಳು ಕಾಣುತ್ತವೆ. ಹಲವು ಸುರುಳಿಗಳನ್ನು ಹಾಳು ಮಾಡಿದ ಬಳಿಕ ನಮಗೆ ತಿಳಿದ ಗುಟ್ಟು ಇಷ್ಟೇ: ಪ್ರತಿ ಹಳ್ಳಿಮನೆಗೂ ಒಂದು ಸ್ಟುಡಿಯೋ ಇದೆ, ಅದೇ ತಲೆಬಾಗಿಲ ಹೊಸ್ತಿಲು. ಮೇಲೆ ಮಾಳಿಗೆಯ ನೆರಳು, ಎದುರಿಗೆ ಅಂಗಳದ ತಿಳಿಬೆಳಕು, ಹಿಂದೆ ಪಡಸಾಲೆಯ ಕತ್ತಲು. ಮುಖ ಹೊರಗೆ ಮಾಡಿ ಕೂತವರ ಒಂದೊಂದು ಸುಕ್ಕೂ ಅಲ್ಲಿ ಮೃದುವಾಗಿ ಕಾಣುತ್ತದೆ.

ಆದರೆ ನಮ್ಮ ಜನರಿಗೆ ಭಾವಚಿತ್ರದ ಬಗೆಗೆ ತಮ್ಮದೇ ಆದ ಕಲ್ಪನೆಯಿದೆ. ಕ್ಯಾಮೆರಾ ಕಂಡೊಡನೆ ಒಳಗೆ ಹೋಗಿ ಟ್ರಂಕಿನಲ್ಲಿದ್ದ ಇಸ್ತ್ರಿಯ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕೈಗಳನ್ನು ತೊಡೆಗೆ ಅಂಟಿಸಿ ಸಿಪಾಯಿಯಂತೆ ನಿಲ್ಲುತ್ತಾರೆ. ಕಾಲು ಕಾಣಬೇಕು, ಪಾದವನ್ನು ಕಡಿಯಬಾರದು. ಮೂವರು ಕೂಡಿ ನಿಲ್ಲಬಾರದೆಂಬ ಶಂಕೆಯಿಂದ ನಾಲ್ಕನೆಯವರಾಗಿ ನೆರೆಮನೆಯ ಮಗುವನ್ನು ಕರೆತಂದು ನಿಲ್ಲಿಸಿದವರೂ ಉಂಟು. ಇದನ್ನೆಲ್ಲ ಅಜ್ಞಾನವೆಂದು ನಾವು ಆರಂಭದಲ್ಲಿ ನಕ್ಕದ್ದುಂಟು. ಅವರು ದುಡಿಯುವಾಗ, ಬೈಯುವಾಗ, ಬೀಡಿ ಸೇದುವಾಗ ತಿಳಿಯದಂತೆ ತೆಗೆದ ಚಿತ್ರವೇ ನಿಜವಾದ ಚಿತ್ರವೆಂದು ವಾದಿಸುತ್ತಿದ್ದೆವು. ಜನ್ಮದಲ್ಲಿ ಒಂದೋ ಎರಡೋ ಬಾರಿ ಚಿತ್ರಕ್ಕೆ ನಿಲ್ಲುವ ಮನುಷ್ಯ ತನ್ನ ಅತ್ಯುತ್ತಮ ರೂಪವನ್ನು ಮೊಮ್ಮಕ್ಕಳಿಗೆ ಉಳಿಸಿಹೋಗಲು ಬಯಸುತ್ತಾನೆ, ಆ ಬಯಕೆಯೂ ನಿಜದ ಒಂದು ಭಾಗವೇ ಎಂಬುದು ನಮಗೆ ಹೊಳೆಯಲು ವರ್ಷಗಳು ಬೇಕಾದವು.

ಬೀದಿಯ ಪಾಠಗಳು

ಬೀದಿಯ ಚಿತ್ರಗಳಿಗೆ ನಮ್ಮ ಸೀಮೆಯಂಥ ಸೀಮೆ ಅಪರೂಪ. ಅಣ್ಣಿಗೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯ 76 ಕಂಬಗಳ ನಡುವೆ ಸಂಜೆಯ ಬೆಳಕು ಸರಿಯುವುದನ್ನು ನೋಡಲು ಕಣ್ಣೆರಡು ಸಾಲವು. ಕುಂದಗೋಳದ ಹೊರವಲಯದಲ್ಲಿ ಕೆಂಪು ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿದಾಗ ನೆಲವೇ ಉರಿದಂತೆ ತೋರುತ್ತದೆ. ನವಲಗುಂದದಲ್ಲಿ ಹೋಳಿಯ ದಿನಗಳಲ್ಲಿ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಸೇರುವ ಜನಸಾಗರದಲ್ಲಿ ಸಂತಾನದ ಹರಕೆ ಹೊತ್ತ ದಂಪತಿಗಳ ಮುಖ, ಹರಕೆ ತೀರಿಸಲು ಕೂಸನ್ನೆತ್ತಿ ತಂದವರ ಮುಖ, ಎರಡನ್ನೂ ಒಂದೇ ಸಾಲಿನಲ್ಲಿ ಕಾಣಬಹುದು. ಪರಧರ್ಮದವರಾದರೂ ಆ ಮುಖಗಳಲ್ಲಿನ ನಂಬಿಕೆಯ ಎದುರು ನಾವು ಕ್ಯಾಮೆರಾ ಇಳಿಸಿ ನಿಂತದ್ದುಂಟು.

ಆದರೆ ಬೀದಿ ನಮಗೆ ಕಲಿಸಿದ್ದು ಬಣ್ಣಗಳ ಪಾಠವನ್ನಷ್ಟೇ ಅಲ್ಲ. ನವಲಗುಂದದ ಜಮಖಾನೆಗಳ ಹೆಸರನ್ನು ಕೇಳದವರು ವಿರಳ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಲೆಯನ್ನು ಮುಸ್ಲಿಮ್ ಮನೆತನಗಳ ಹೆಣ್ಣುಮಕ್ಕಳು ಮನೆಯೊಳಗೆ ನೆಟ್ಟ ಮಗ್ಗದ ಎದುರು ಕುಳಿತು ಉಳಿಸಿಕೊಂಡು ಬಂದಿದ್ದಾರೆ. ಕಸುಬಿನ ಗುಟ್ಟು ಹೊರಗೆ ಹೋಗಬಾರದೆಂದು ಹಿಂದೆ ಅದನ್ನು ಸೊಸೆಗೆ ಕಲಿಸುತ್ತಿದ್ದರೇ ವಿನಾ ಮಗಳಿಗಲ್ಲ ಎಂಬ ಪ್ರತೀತಿಯಿದೆ. ಅಂಥದೊಂದು ಮನೆಗೆ ನಾವು ಹೋದಾಗ ಹಿರಿಯಳು ಬಾಗಿಲಲ್ಲಿಯೇ ತಡೆದಳು. "ಮಗ್ಗದ್ದು ತಗೀರಿ, ಕೈದು ತಗೀರಿ, ಮಾರೀದು ಬ್ಯಾಡ್ರಿ" ಎಂದಳು. ಮುಖವಿಲ್ಲದ ಚಿತ್ರದಿಂದ ಏನು ಪ್ರಯೋಜನವೆಂದು ನಾವು ಒಳಗೊಳಗೆ ಬೇಸರಿಸಿದೆವು. ಒಲ್ಲದ ಮನಸ್ಸಿನಿಂದಲೇ ಆ ಕೈಗಳ ಚಿತ್ರ ತೆಗೆದೆವು. ನೂಲಿನ ಉಜ್ಜಿಗೆ ಗೆರೆಬಿದ್ದ ಬೆರಳುಗಳು, ಹೆಣೆಯುತ್ತಿದ್ದ ನವಿಲಿನ ಕತ್ತು. ನಮ್ಮ ಸಂಗ್ರಹದಲ್ಲಿ ಇಂದು ಉಳಿದಿರುವ ಉತ್ತಮ ಚಿತ್ರಗಳಲ್ಲಿ ಅದೊಂದು. ಬೇಡವೆಂಬ ಮಾತನ್ನು ಗೌರವಿಸಿದ್ದರಿಂದ ದೊರೆತ ಚಿತ್ರವದು.

ಕುಂದಗೋಳದ ಪಾಠ ಮತ್ತೊಂದು ಬಗೆಯದು. ಸವಾಯಿ ಗಂಧರ್ವರ ಊರದು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಗುರುವನ್ನರಸಿ ಹೋದ ಊರು. ಅಲ್ಲಿನ ಹಳೆಯ ವಾಡೆಯಲ್ಲಿ ಗಂಧರ್ವರ ಸ್ಮರಣೆಗಾಗಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ನಾವು ಒಮ್ಮೆ ಹೊಸದಾಗಿ ಕೊಂಡ ಫ್ಲ್ಯಾಶ್ ಹೊತ್ತು ಹೋದೆವು. ಆಲಾಪ ಏರುತ್ತಿದ್ದ ಗಳಿಗೆಯಲ್ಲಿ ಗಾಯಕರ ಮುಖಕ್ಕೆ ಮಿಂಚು ಹಾಯಿಸಿದೆವು. ಅವರು ಹಾಡು ನಿಲ್ಲಿಸಲಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ಧೋತರದ ಹಿರಿಯರೊಬ್ಬರು ನಮ್ಮ ಮುಂಗೈ ಹಿಡಿದು ಕಿವಿಯಲ್ಲಿ, "ಅವರು ಕಣ್ಣು ಮುಚ್ಚಿ ಏನೋ ನೋಡ್ಲಿಕ್ಕೆ ಹತ್ಯಾರ. ನೀವು ಎಬ್ಬಿಸಬ್ಯಾಡ್ರಿ" ಎಂದರು. ಅಂದಿನಿಂದ ದೇವಾಲಯದಲ್ಲಿ ಬಲಿಪೂಜೆಯ ಚಿತ್ರಗಳನ್ನು ತೆಗೆಯುವಾಗಲೂ ನಮಗೆ ಆ ಹಿಡಿತದ ನೆನಪು. ಮೊದಲ ಪರಮಪ್ರಸಾದದ ದಿನ ಮಗು ನಾಲಿಗೆ ಚಾಚಿದೊಡನೆ ನಾಲ್ಕು ಕಡೆಯಿಂದ ಮಿಂಚು ಹೊಡೆಯುವುದನ್ನು, ಮದುವೆಯಲ್ಲಿ ಚಿತ್ರಕಾರರು ಪೀಠಕ್ಕೂ ಜನಕ್ಕೂ ನಡುವೆ ಗೋಡೆಯಂತೆ ನಿಲ್ಲುವುದನ್ನು ಕಂಡಾಗ, ಆ ಹಿರಿಯರು ಇಲ್ಲಿರಬೇಕಿತ್ತೆನಿಸುತ್ತದೆ. ಪ್ರತಿಷ್ಠಾಪನೆಯ ಹೊತ್ತಿನಲ್ಲಾದರೂ ಕ್ಯಾಮೆರಾಗಳು ಮೊಣಕಾಲೂರಲಿ.

ಕಾಡಂಚಿನಲ್ಲಿ ಕೇಳಿದ ಪ್ರಶ್ನೆ

ಕಲಘಟಗಿಯೆಂದರೆ ಸಾಗವಾನಿಯ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿದ ತೊಟ್ಟಿಲುಗಳ ಊರು. ಅಲ್ಲಿಂದ ಪಡುವಣಕ್ಕೆ ನಡೆದಂತೆ ಎರೆಭೂಮಿ ಮುಗಿದು ಕೆಮ್ಮಣ್ಣು, ಭತ್ತದ ಗದ್ದೆ, ಕಾಡು ಆರಂಭವಾಗುತ್ತವೆ. ಹಳಿಯಾಳ, ಯಲ್ಲಾಪುರಗಳವರೆಗಿನ ಈ ಕಾಡಂಚಿನಲ್ಲಿ ಸಿದ್ದಿ ಜನಾಂಗದ ಬಾಂಧವರು ನೆಲೆಸಿದ್ದಾರೆ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಬಿಡುಗಡೆ ಹೊಂದಿಯೋ ತಪ್ಪಿಸಿಕೊಂಡೋ ಘಟ್ಟ ಸೇರಿದವರ ಸಂತತಿಯವರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಹಳಿಯಾಳದ ಕಡೆ ನಮ್ಮದೇ ಕಥೋಲಿಕ ವಿಶ್ವಾಸದ ಕುಟುಂಬಗಳೂ ಅನೇಕ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು.

ದೂರದ ಊರುಗಳಿಂದ ಕ್ಯಾಮೆರಾ ಹೊತ್ತು ಬರುವವರಿಗೆ ಈ ಹಾಡಿಗಳು ಬಲು ಆಕರ್ಷಣೆ. ನಾವೂ ಹಾಗೆಯೇ ಹೋದವರು. ಪೂಜೆ ಮುಗಿಸಿ ಹೊರಬಂದ ತರುಣನೊಬ್ಬನನ್ನು ಡಮಾಮಿ ವಾದ್ಯದೊಡನೆ ಕುಣಿಯುವ ಭಂಗಿಯಲ್ಲಿ ನಿಲ್ಲಲು ಕೇಳಿದೆವು. ಅವನು ನಕ್ಕ. "ನೀವೆಲ್ಲಾರೂ ನಾವು ಕುಣಿಯೋದನ್ನ, ನಮ್ಮ ಕೂದಲಾನ ತಗೀತೀರಿ. ನನ್ನ ಮದುವಿ ಆಗಿ ಮೂರು ವರ್ಷ ಆತು, ಹೆಂಡ್ತಿ ಜೋಡಿ ಒಂದು ಚಲೋ ಫೋಟೋ ಇಲ್ಲ. ಅದನ್ನ ತಗೀತೀರೇನು?" ಎಂದ. ನಾವು ನಿರುತ್ತರರಾದೆವು. ಅವನು ಕೋಟು ತೊಟ್ಟು, ಮಡದಿ ಮದುವೆಯ ಸೀರೆ ಉಟ್ಟು ಬಂದರು. ಚಿತ್ರ ತೆಗೆದೆವು.

ಆದರೆ ಮೊದಲ ಪ್ರತಿ ಕೆಟ್ಟುಹೋಯಿತು. ಅವನ ಬಿಳಿಯ ಅಂಗಿಯ ಬೆಳಕನ್ನು ಅಳೆದ ಮೀಟರನ್ನು ನಂಬಿದ್ದರಿಂದ ಇಬ್ಬರ ಮುಖಗಳೂ ಇದ್ದಲಿನಂತೆ ಕಪ್ಪಾಗಿದ್ದವು. ದೋಷ ಅವರ ಬಣ್ಣದ್ದಲ್ಲ, ನಮ್ಮ ಅಳತೆಯದು. ಮುಂದೆ ಓದಿದಾಗ ತಿಳಿದುಬಂತು: ಇದು ನಮ್ಮೊಬ್ಬರ ದೋಷವಾಗಿರಲಿಲ್ಲ. ಕೊಡಾಕ್ ಕಂಪನಿ ಪ್ರಯೋಗಶಾಲೆಗಳಿಗೆ ಬಣ್ಣ ಹೊಂದಿಸಲು ಕಳುಹಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿಯ ಮೈಬಣ್ಣದ ಹೆಣ್ಣೊಬ್ಬಳೇ ಇರುತ್ತಿದ್ದಳು. ಅವುಗಳಿಗೆ ಶರ್ಲಿ ಚೀಟಿಗಳೆಂದೇ ಹೆಸರು. ಜಗತ್ತಿನ ಕಪ್ಪು, ಕಂದು ಮುಖಗಳೆಲ್ಲ ಅವಳ ಬಣ್ಣದ ಅಳತೆಯಲ್ಲಿ ಅಚ್ಚಾಗಬೇಕಿತ್ತು. ಮತ್ತೊಮ್ಮೆ ಹೋಗಿ, ಮುಖದ ಬಳಿಯಲ್ಲೇ ಬೆಳಕನ್ನು ಅಳೆದು, ಕೋಟಿನ ಮೇಲೆ ಗುಂಡಿ ಹಾಕಿಸಿ, ನೆರಳಿನಲ್ಲಿ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಆ ದಂಪತಿಗಳ ಕಣ್ಣುಗಳ ಹೊಳಪು ಬಂತು. ಆ ಪ್ರತಿಯನ್ನು ಕೈಯಾರೆ ತಲುಪಿಸಿದೆವು. ಒಂದು ಪ್ರತಿಯನ್ನು ತಲುಪಿಸುವುದರ ಬೆಲೆ ಏನೆಂಬುದನ್ನು ಅದಕ್ಕೂ ಮುನ್ನವೇ ನಾವು ಕಲಿತಾಗಿತ್ತು.

ಒಂದು ಮುಖದ ಋಣ

ಅದು ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನವಲಗುಂದದ ಕಡೆಯ ಒಂದು ಹಳ್ಳಿ. ಬೆರಳೆಣಿಕೆಯ ಕಥೋಲಿಕ ಕುಟುಂಬಗಳು. ಗುರುಗಳು ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದ ಸಣ್ಣ ಪ್ರಾರ್ಥನಾ ಮಂದಿರವನ್ನು ಗುಡಿಸಿ ಸಾರಿಸಿ ಇಡುತ್ತಿದ್ದವಳು ಒಬ್ಬ ಮುದುಕಿ. ಹತ್ತಿ ಬಿಡಿಸಿ ಒರಟಾದ ಕೈಗಳಲ್ಲಿ ಸವೆದ ಜಪಸರ. ಪೂಜೆ ಮುಗಿದ ಮೇಲೆ ಅವಳ ಮನೆಯ ಹೊಸ್ತಿಲಲ್ಲಿ ಕೂರಿಸಿ ಎರಡು ಚಿತ್ರ ತೆಗೆದೆವು.

"ಏನ್ರೀ ಸರ, ನನ್ನ ಮಾರಿ ಏನ್ ಚೆಂದ ಐತಂತ ತಗೀತೀರಿ?" ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ಬಳಿಕ ಗಂಭೀರಳಾಗಿ, "ತಗದ್ರ ನನಗೊಂದು ಕೊಡಬೇಕು ನೋಡ್ರಿ. ಮನ್ಯಾಗ ನಂದೊಂದೂ ಇಲ್ಲ" ಎಂದಳು.

"ಕೊಡ್ತೀವಿ ಯವ್ವಾ, ಮುಂದಿನ ಪೂಜಿಗೇ ತರ್ತೀವಿ" ಎಂದೆವು.

ಸುರುಳಿಯಲ್ಲಿ ಇನ್ನೂ 11 ಚಿತ್ರಗಳು ಉಳಿದಿದ್ದವು. ಅವನ್ನು ವ್ಯರ್ಥ ಮಾಡಬಾರದೆಂದು ಕ್ಯಾಮೆರಾವನ್ನು ಹಾಗೆಯೇ ಇಟ್ಟೆವು. ಮುಂದಿನ ಪೂಜೆಗೆ ಕೆಲಸದ ನೆವದಿಂದ ಹೋಗಲಿಲ್ಲ. ಅದರ ಮುಂದಿನ ತಿಂಗಳು ಮಳೆ. ಸುರುಳಿ ತೊಳೆದಾಗ ಮುದುಕಿಯ ಒಂದು ಚಿತ್ರ ನಮ್ಮನ್ನು ಬೆರಗುಗೊಳಿಸಿತು. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಮುಖ ಕತ್ತಲೆಯಲ್ಲಿ, ಕಣ್ಣಿನಲ್ಲಿ ಅಂಗಳದ ಬೆಳಕಿನ ಒಂದು ಬಿಂದು. ಅದನ್ನು ದೊಡ್ಡದಾಗಿ ಅಚ್ಚು ಮಾಡಿಸಿ ಒಂದು ಸ್ಪರ್ಧೆಗೆ ಕಳುಹಿಸಿದೆವು. ಅಂಚೆವೆಚ್ಚಕ್ಕೆ ಹಣವಿತ್ತು, ಸ್ಪರ್ಧೆಯ ಪ್ರವೇಶಧನಕ್ಕೂ ಇತ್ತು. ಮುದುಕಿಗೆ ಒಂದು ಚಿಕ್ಕ ಪ್ರತಿ ಮಾಡಿಸುವುದು ಮಾತ್ರ ಇಂದು ನಾಳೆ ಎಂದು ಉಳಿಯಿತು. ಹಾಗೆ ಎಂಟು ತಿಂಗಳು ಕಳೆದವು.

ಒಂದು ಮುಂಜಾನೆ ಅವಳ ಮಗ ನಮ್ಮ ಮನೆಯ ಬಾಗಿಲಿಗೆ ಬಂದ. ರಾತ್ರಿ ಬಸ್ಸಿನಲ್ಲಿ ಬಂದು ನಿಲ್ದಾಣದಲ್ಲಿ ಬೆಳಗು ಮಾಡಿದ್ದ. "ನಮ್ಮವ್ವ ನಿನ್ನೆ ಹೋದ್ಲರಿ. ಮನ್ಯಾಗ ಒಂದ್ ಫೋಟೋನೂ ಇಲ್ರಿ. ನೀವು ತಗದಿದ್ರಂತ, ಅಕಿ ಯಾವಾಗ್ಲೂ ಹೇಳ್ತಿದ್ಲು. ಅದನ್ನರ ಕೊಡ್ರಿ" ಎಂದ.

ನಾವು ಆ ದೊಡ್ಡ ಪ್ರತಿಯನ್ನು ತಂದು ಅವನ ಕೈಗಿತ್ತೆವು. ಅವನು ಅದನ್ನು ಬಹಳ ಹೊತ್ತು ನೋಡಿದ. ಕಿಟಕಿಯ ಬಳಿ ಒಯ್ದು ನೋಡಿದ. ಕೊನೆಗೆ ಸಂಕೋಚದಿಂದ, "ಇದರಾಗ ಅರ್ಧ ಮಾರಿ ಕಾಣೂದಿಲ್ರಿ. ಸಿಟ್ಟಿಗೆದ್ದಂಗ ಕಾಣ್ತಾಳ. ನಮ್ಮವ್ವ ಹಿಂಗ ಇದ್ದಿಲ್ರಿ" ಎಂದ.

ಸ್ಪರ್ಧೆಗೆ ಯೋಗ್ಯವೆನಿಸಿದ ಚಿತ್ರದಲ್ಲಿ ಮಗನಿಗೆ ತಾಯಿ ಕಾಣಿಸಲಿಲ್ಲ. ನಾವು ನೆಗೆಟಿವ್‌ಗಳನ್ನು ಹುಡುಕಿದೆವು. ಎರಡನೆಯ ಚಿತ್ರವನ್ನು ನಾವು ಕೆಟ್ಟದ್ದೆಂದು ಬದಿಗಿರಿಸಿದ್ದೆವು. ಅದರಲ್ಲಿ ಮುದುಕಿ ಸೆರಗನ್ನು ಬಾಯಿಂದ ತೆಗೆಯುತ್ತ ನಗುತ್ತಿದ್ದಳು. ಹಲ್ಲಿಲ್ಲದ ನಗು. ಮೂಲೆಯಲ್ಲಿ ಮೊಮ್ಮಗುವಿನ ಕೈ ಅಡ್ಡ ಬಂದಿತ್ತು, ಚಿತ್ರ ತುಸು ಅಲುಗಿತ್ತು. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು ತೋರಿಸಿದೊಡನೆ, ಕಪ್ಪು ಬಿಳುಪು ತಿರುವುಮುರುವಾಗಿದ್ದರೂ ಅವನು ತಾಯಿಯನ್ನು ಗುರುತಿಸಿದ. ಅಲ್ಲಿಯವರೆಗೆ ತಡೆದಿದ್ದ ಅಳು ಒಡೆಯಿತು. ಪರಿಚಯದ ಸ್ಟುಡಿಯೋದವರನ್ನು ಎಬ್ಬಿಸಿ ಅಚ್ಚು ಮಾಡಿಸಿಕೊಂಡು ಅವನೊಡನೆ ನಾವೂ ಹೋದೆವು. ನಾವು ತಲುಪುವ ಹೊತ್ತಿಗೆ ಪೆಟ್ಟಿಗೆ ಮುಚ್ಚುವುದಿತ್ತು. ಒದ್ದೆಯಾರದ ಪ್ರತಿಯನ್ನು ಪೆಟ್ಟಿಗೆಯ ಮೇಲಿಟ್ಟರು. ನೆರೆದವರಲ್ಲಿ ಯಾರೂ ನಮ್ಮನ್ನು ಒಂದು ಮಾತು ಆಡಲಿಲ್ಲ. ಹೊಸ್ತಿಲಲ್ಲಿ ನಿಂತ ಸೊಸೆ ಮಾತ್ರ, "ಪ್ರತಿ ಪೂಜಿಗೂ ನಿಮ್ಮ ದಾರಿ ನೋಡ್ತಿದ್ಲರಿ" ಎಂದಳು. ನಾವು ತಲೆ ತಗ್ಗಿಸಿದ್ದು ಆ ಬಾಗಿಲಲ್ಲಿ.

ಯಾರ ಮುದ್ರೆ?

ಈ ಘಟನೆಯ ಬಳಿಕ ಎರಡು ಪ್ರಸಂಗಗಳು ನಮಗೆ ಹೊಸ ಅರ್ಥ ಕೊಟ್ಟವು. ಮೊದಲನೆಯದು ಬಾಲ ಯೇಸುವಿನ ಸಂತ ತೆರೇಸಾರ ಭಾವಚಿತ್ರಗಳ ಕಥೆ. ಅವರ ಅಕ್ಕ ಸೆಲೀನ್ 1894ರಲ್ಲಿ ಕಾರ್ಮೆಲ್ ಮಠ ಸೇರುವಾಗ ಕ್ಯಾಮೆರಾವನ್ನೂ ಜೊತೆಗೆ ಒಯ್ದರು. ಆ ಹವ್ಯಾಸಿಯ ದೆಸೆಯಿಂದಲೇ 1897ರಲ್ಲಿ 24ರ ಹರೆಯದಲ್ಲಿ ತೀರಿಕೊಂಡ ಸಂತೆಯ ನಿಜಮುಖ ಜಗತ್ತಿಗೆ ಉಳಿಯಿತು. ಆದರೆ ಭಕ್ತರಿಗೆ ಇನ್ನೂ ಸುಂದರವಾಗಿ ಕಾಣಲೆಂದು ತಿದ್ದಿ ನುಣುಪುಗೊಳಿಸಿದ ರೂಪಗಳೇ ದಶಕಗಳ ಕಾಲ ಪ್ರಚಾರದಲ್ಲಿದ್ದವು. ತಿದ್ದದ ಮೂಲ ಚಿತ್ರಗಳು ಸಮಗ್ರವಾಗಿ ಬೆಳಕು ಕಂಡದ್ದು 1961ರಲ್ಲಿ. ತಿದ್ದುಪಡಿಯ ಹಿಂದೆ ಪ್ರೀತಿಯಿತ್ತು. ಆದರೂ ದಣಿದ, ದೃಢವಾದ ಆ ನಿಜಮುಖವನ್ನು ಕಂಡಾಗಲೇ ಆಕೆ ನಮ್ಮ ಮನೆಯ ಮಗಳಂತೆ ತೋರುವುದು. ಸೆಲೀನ್ ಸುಂದರಗೊಳಿಸಲು ಬಯಸಿದರು. ನಾವು ಮುದುಕಿಯನ್ನು ಗಂಭೀರಗೊಳಿಸಲು ಬಯಸಿದೆವು. ಎರಡರಲ್ಲಿಯೂ ಇದ್ದದ್ದು ನಮ್ಮ ಇಚ್ಛೆಯ ಮುಖ.

ಎರಡನೆಯದು ಸುಂಕದ ನಾಣ್ಯದ ಪ್ರಸಂಗ. ನಾಣ್ಯದ ಮೇಲಿರುವ ಮುದ್ರೆ ಯಾರದೆಂದು ಪ್ರಭು ಕೇಳಿದರು. ಚಕ್ರವರ್ತಿಯ ಮುಖವಿರುವುದು ಚಕ್ರವರ್ತಿಗೆ ಸಲ್ಲಬೇಕು, ದೇವರದು ದೇವರಿಗೆ. ಮನುಷ್ಯನ ಮುಖದ ಮೇಲಿನ ಮುದ್ರೆ ಯಾರದು? ಆದಿಕಾಂಡದ ಮೊದಲ ಅಧ್ಯಾಯವೇ ಅದಕ್ಕೆ ಉತ್ತರ ಕೊಡುತ್ತದೆ. ಹಾಗಾದರೆ ಯಾವ ಚಿತ್ರಕಾರನೂ ಒಂದು ಮುಖದ ಒಡೆಯನಲ್ಲ, ಕೆಲಕಾಲ ಇಟ್ಟುಕೊಂಡವನು ಮಾತ್ರ.

ಮೈಸೂರಿನ ಟಿ. ಎಸ್. ಸತ್ಯನ್ ಅವರು ನಮ್ಮ ನಾಡು ಕಂಡ ಹಿರಿಯ ಛಾಯಾಗ್ರಾಹಕರು. 1923ರಲ್ಲಿ ಜನಿಸಿ 2009ರಲ್ಲಿ ಅಗಲಿದ ಅವರಿಗೆ 1977ರಲ್ಲಿ ಪದ್ಮಶ್ರೀ ಸಂದಿತು. ದೊಡ್ಡ ಪತ್ರಿಕೆಗಳಿಗೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೂ ದುಡಿದ ಅವರ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಸಾಮಾನ್ಯ ಜನ, ಅದರಲ್ಲಿಯೂ ಮಕ್ಕಳು. ಬಡತನವನ್ನು ತೋರಿಸಿಯೂ ಬಡವನನ್ನು ಕುಗ್ಗಿಸದ ಚಿತ್ರಗಳವು. ಹವ್ಯಾಸಿಗಳು ಅವುಗಳನ್ನು ಕುಳಿತು ಅಭ್ಯಾಸ ಮಾಡಬೇಕು.

ಪ್ರವಾಸದ ಮಾತನ್ನೂ ಸೇರಿಸಬೇಕು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನ ನಡೆದಾಗ ನಮ್ಮ ಭಾಗದ ಯಾತ್ರಿಕರೊಡನೆ ನಾವೂ ಹೋಗಿದ್ದೆವು. ಬಾಂ ಜೇಸುಸ್ ಬೆಸಿಲಿಕಾದಿಂದ ಸೇ ಪ್ರಧಾನಾಲಯಕ್ಕೆ ತಂದಿರಿಸಿದ್ದ ಸಂತರ ಮುಂದೆ ಸಾಲು ಸಾಗುತ್ತಿತ್ತು. ನಮ್ಮ ಮುಂದಿದ್ದವರಲ್ಲಿ ಅನೇಕರು ಕ್ಷಣಮಾತ್ರದ ಆ ದರ್ಶನವನ್ನು ಮೊಬೈಲಿನ ಗಾಜಿನಲ್ಲಿಯೇ ಪಡೆದು ಮುಂದೆ ಸರಿದರು. ನಾವು ಕ್ಯಾಮೆರಾವನ್ನು ಚೀಲದಲ್ಲಿಯೇ ಬಿಟ್ಟೆವು. ಹೊರಬಂದ ಮೇಲೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ ನಮ್ಮೂರ ಹೆಣ್ಣುಮಕ್ಕಳ ಚಿತ್ರ ತೆಗೆದೆವು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಡೆದ ಹಿಮ್ಮಡಿಗಳು. ಪ್ರತಿಗಳನ್ನು ಮರುವಾರವೇ ತಲುಪಿಸಿದೆವು.

ಓದುಗರಲ್ಲಿ ವಿನಂತಿ

ಈಗ ಪ್ರತಿ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಸುರುಳಿಯ ಖರ್ಚಿಲ್ಲ, ಕತ್ತಲೆಕೋಣೆಯ ಕಾಯುವಿಕೆಯಿಲ್ಲ. ಆದರೂ ಸಾವಿನ ಮನೆಯಲ್ಲಿ ಚಿತ್ರಕ್ಕಾಗಿ ಪರದಾಡುವುದು ತಪ್ಪಿಲ್ಲ. ಸಾವಿರಾರು ಚಿತ್ರಗಳ ರಾಶಿಯಲ್ಲಿ ಅಜ್ಜನದೊಂದು ಸರಿಯಾದ ಚಿತ್ರ ಸಿಗುವುದಿಲ್ಲ. ಸಿಕ್ಕಿದ್ದೂ ಆಧಾರ್ ಚೀಟಿಯ ಮಸುಕು ಮುಖ. ಮೊಬೈಲು ಒಡೆದರೆ, ಕಳೆದರೆ, ಎಲ್ಲವೂ ಹೋಯಿತು. ಆದ್ದರಿಂದ ಈ ನವೆಂಬರ್ ತಿಂಗಳಲ್ಲಿ ಪ್ರತಿ ಕುಟುಂಬವೂ ಒಂದು ಕೆಲಸ ಮಾಡಬೇಕೆಂದು ನಮ್ಮ ಬಿನ್ನಹ. ಮನೆಯ ಹಿರಿಯರನ್ನು ಹೊಸ್ತಿಲಲ್ಲಿ, ಬೆಳಕಿಗೆ ಮುಖ ಮಾಡಿಸಿ ಕೂರಿಸಿರಿ. ಅವರು ಮೆಚ್ಚಿದ ಬಟ್ಟೆ ಉಡಲಿ. ಒಂದನ್ನು ಅವರ ಇಷ್ಟದಂತೆ, ಮತ್ತೊಂದನ್ನು ಅವರು ನಗುವಾಗ ತೆಗೆಯಿರಿ. ಕಾಗದದ ಮೇಲೆ ಅಚ್ಚು ಮಾಡಿಸಿ ಮೊದಲು ಅವರ ಕೈಗೆ ಕೊಡಿರಿ. ಬೆನ್ನಿಗೆ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಶಾಯಿ ಕಾಲಾಂತರದಲ್ಲಿ ಮುಖದ ಕಡೆಗೆ ಇಳಿಯುತ್ತದೆ. ಅಂಟಿನ ಹಾಳೆಯ ಆಲ್ಬಮ್‌ಗಳಲ್ಲಿ ಹಳೆಯ ಚಿತ್ರಗಳನ್ನು ಇಡಬೇಡಿರಿ, ಅಂಟು ಅವನ್ನು ಹಳದಿಗೊಳಿಸುತ್ತದೆ. ಕಲಘಟಗಿಯಂಥ ಮಳೆಯ ಊರುಗಳವರು ಹೊರಗೋಡೆಗೆ ಚಿತ್ರ ತೂಗುಹಾಕದೆ ಒಳಗೋಡೆಗೆ ಹಾಕಿದರೆ ಬೂಷ್ಟು ಹಿಡಿಯುವುದು ಕಡಿಮೆ.

ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ ಆರನೆಯ ಸ್ಥಳದಲ್ಲಿ ನಾವೆಲ್ಲ ಮೊಣಕಾಲೂರುತ್ತೇವೆ. ವೆರೋನಿಕಳ ಹೆಸರು ಶುಭಸಂದೇಶಗಳ ಪುಟಗಳಲ್ಲಿಲ್ಲ, ಧರ್ಮಸಭೆಯ ಸಂಪ್ರದಾಯದಲ್ಲಿದೆ. ಅವಳನ್ನು ಛಾಯಾಗ್ರಾಹಕರ ಪಾಲಕಿಯೆಂದು ಕರೆಯುವುದುಂಟು. ಆಕೆ ಚಿತ್ರ ಪಡೆಯಲೆಂದು ಬಟ್ಟೆ ಹಿಡಿದು ಹೋದವಳಲ್ಲ. ರಕ್ತ, ಬೆವರು ತುಂಬಿದ ಮುಖವನ್ನು ಒರೆಸಲು ಹೋದಳು. ಪ್ರತಿರೂಪ ತಾನಾಗಿ ಬಂತು. ಇತ್ತೀಚೆಗೆ ನಾವು ಆ ಹಳ್ಳಿಗೆ ಮತ್ತೆ ಹೋಗಿದ್ದೆವು. ಅಲುಗಿದ ಆ ಚಿತ್ರ ಪವಿತ್ರ ಹೃದಯದ ಪಟದ ಕೆಳಗೆ ಇನ್ನೂ ತೂಗುತ್ತಿದೆ. ಅಂಚು ಹಳದಿಯಾಗಿದೆ, ಅಂದು ಅವಸರದಲ್ಲಿ ಪ್ರತಿಯನ್ನು ಸರಿಯಾಗಿ ತೊಳೆಯದ ಫಲವದು. ಚಿತ್ರದಲ್ಲಿ ಅಡ್ಡ ಬಂದಿದ್ದ ಕೈಯ ಒಡೆಯ ಈಗ ತಾನೇ ಎರಡು ಮಕ್ಕಳ ತಂದೆ. ನೆಗೆಟಿವ್ ಇನ್ನೂ ನಮ್ಮ ಬಳಿ ಇದೆ. ಈ ಬಾರಿ ಸರಿಯಾಗಿ ತೊಳೆದ ಹೊಸ ಪ್ರತಿಯೊಂದನ್ನು ಮೃತರ ಸ್ಮರಣೆಯ ದಿನಕ್ಕೆ ಮುಂಚೆಯೇ ಒಯ್ದು ಕೊಟ್ಟೆವು.